ಎರರ್ ಇಲ್ಲ, ಮಿಡಿತವೂ ಇಲ್ಲ: ಆಸ್ಟ್ರೋಸ್ಯಾಟ್ ಸಾಫ್ಟ್‌ವೇರ್ ಹಾಕಿಕೊಂಡ ಒಂದು ಪ್ರಕರಣ

“ಸರ್, ಎಲ್ಲಾ ಇನ್‌ಸ್ಟಾಲ್ ಆಯ್ತು. ಆದ್ರೆ ಏನೂ ಕಾಣ್ತಿಲ್ಲ.”

ನಮ್ಮ ವಿಭಾಗದ ಎಂಎಸ್ಸಿ ವಿದ್ಯಾರ್ಥಿನಿ ಹೀಗೆ ಹೇಳಿದಾಗ ನಾವಿಬ್ಬರೂ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶ ಓದುವ ಸಾಫ್ಟ್‌ವೇರ್ ಹಾಕಲು ಕೈ ಹಾಕಿ 19 ದಿನ ಆಗಿತ್ತು. ಪರದೆಯ ಮೇಲೆ ಒಂದು ಗ್ರಾಫ್ ಇತ್ತು. ಅದರಲ್ಲಿ ಎರಡು ಗುಡ್ಡ ಕಾಣಬೇಕಿತ್ತು. ಕಂಡದ್ದು ಸಣ್ಣ ನಡುಕವಿದ್ದ ಒಂದು ಮಟ್ಟಸ ಗೆರೆ. ಕೆಂಪು ಅಕ್ಷರದ ದೂರು ಎಲ್ಲೂ ಇಲ್ಲ. ಆ 19 ದಿನದಲ್ಲಿ ನೋಡಿದ ಎರರ್‌ಗಳೆಲ್ಲ ಸೇರಿದರೂ ನನಗೆ ಅಷ್ಟು ಗಾಬರಿ ಆಗಿರಲಿಲ್ಲ.

ನಾನು ಭೌತಶಾಸ್ತ್ರದ ಮೇಷ್ಟ್ರು. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೆ ಸಣ್ಣ ಕಾಲೇಜುಗಳಲ್ಲಿ ಲಿನಕ್ಸ್ ಗೊತ್ತಿದೆ ಎಂದು ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು, ಆಮೇಲೆ ಪ್ರಿಂಟರ್ ಕೆಟ್ಟರೂ ನಿಮ್ಮನ್ನೇ ಕರೆಯುತ್ತಾರೆ. ಈ ಕೆಲಸವೂ ಹಾಗೇ ನನ್ನ ತಲೆಗೆ ಬಂತು. ಎಲ್ಲಿ ಎಡವಿದೆವು, ಯಾಕೆ ಎಡವಿದೆವು ಎಂದು ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿ ಬರುವವರು ಇದ್ದೇ ಇರುತ್ತಾರೆ, ಅಲ್ವಾ.

ಮೊದಲು ಉಪಕರಣದ ಮಾತು. ಆಸ್ಟ್ರೋಸ್ಯಾಟ್ ನಮ್ಮ ದೇಶದ ಖಗೋಳ ವೀಕ್ಷಣಾ ಉಪಗ್ರಹ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ30 ರಾಕೆಟ್ ಅದನ್ನು ಹೊತ್ತೊಯ್ದಿತು. ನೆಲದಿಂದ ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆಯಾಗಿ ಅದರ ಕಕ್ಷೆ. ಅದರ ಮೇಲೆ ಐದು ಉಪಕರಣಗಳಿವೆ. ನಮ್ಮ ಹುಡುಗಿ ಆರಿಸಿಕೊಂಡದ್ದು ಸಿಝಡ್‌ಟಿಐ ಎಂಬುದನ್ನು. ಇದು ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್ ಎಂಬ ಹರಳಿನ ತುಂಡುಗಳಿಂದ ಮಾಡಿದ ಎಕ್ಸ್‌ರೇ ಕ್ಯಾಮೆರಾ. ನಾಲ್ಕು ಭಾಗ, ಒಂದೊಂದರಲ್ಲೂ 16 ಡಿಟೆಕ್ಟರ್, ಒಂದೊಂದು ಡಿಟೆಕ್ಟರ್‌ನಲ್ಲಿ 256 ಪಿಕ್ಸೆಲ್. ಒಟ್ಟು 16,384. ಇದು ಹಿಡಿಯುವಂಥ ಹೆಚ್ಚು ಶಕ್ತಿಯ ಎಕ್ಸ್‌ರೇಯನ್ನು ಮಾಮೂಲಿ ಕನ್ನಡಿಯಿಂದ ಒಂದು ಕಡೆ ಕೂಡಿಸಲು ಆಗುವುದಿಲ್ಲ. ಅದಕ್ಕೇ ಮೇಲೊಂದು ತೂತು ತೂತಿನ ಲೋಹದ ಹಾಳೆ ಇಟ್ಟಿದ್ದಾರೆ. ಜಾಲಂದ್ರದ ನೆರಳು ನೆಲದ ಮೇಲೆ ಎಲ್ಲಿ ಬಿತ್ತು ಎಂದು ನೋಡಿ ಬಿಸಿಲು ಯಾವ ಕಡೆಯಿಂದ ಬಂತು ಎಂದು ಹೇಳುವ ಹಾಗೆ, ಹಾಳೆಯ ನೆರಳಿನಿಂದ ಎಕ್ಸ್‌ರೇ ಬಂದ ದಿಕ್ಕನ್ನು ಲೆಕ್ಕ ಹಾಕುತ್ತಾರೆ.

ಈ ದತ್ತಾಂಶ ಸೇರುವ ಜಾಗ ನಮ್ಮ ಪಕ್ಕದಲ್ಲೇ ಇದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. ಅಲ್ಲಿಯ ಆಸ್ಟ್ರೋಬ್ರೌಸ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ, ಸಾರ್ವಜನಿಕರಿಗೆ ಬಿಟ್ಟ ವೀಕ್ಷಣೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಿಝಡ್‌ಟಿಐ ಸಾಫ್ಟ್‌ವೇರಿನ ಉಸ್ತುವಾರಿ ಪುಣೆಯ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯಲ್ಲಿರುವ ಕೇಂದ್ರದ್ದು. ಸಾಫ್ಟ್‌ವೇರ್ ಪುಕ್ಕಟೆ, ದತ್ತಾಂಶವೂ ಪುಕ್ಕಟೆ. ನಮ್ಮಲ್ಲಿ ಇಲ್ಲದ್ದು ಅನುಭವ ಮಾತ್ರ.

ಬೇಕಾದದ್ದು ಎರಡು ಸಾಫ್ಟ್‌ವೇರ್. ಒಂದು, ಸಿಝಡ್‌ಟಿಐನದೇ ಪೈಪ್‌ಲೈನ್. ಇದು ಕಚ್ಚಾ ದತ್ತಾಂಶವನ್ನು ಅಕ್ಕಿ ಕೇರಿದ ಹಾಗೆ ಕೇರಿ ಕೊಡುತ್ತದೆ. ಇನ್ನೊಂದು ಹೀಸಾಫ್ಟ್. ನಾಸಾದ ಗೊಡಾರ್ಡ್ ಕೇಂದ್ರದಿಂದ ಬರುವ ಈ ಕಟ್ಟಿನಲ್ಲಿ ಎಕ್ಸ್‌ರೇ ಖಗೋಳದ ನೂರಾರು ಸಣ್ಣ ಸಣ್ಣ ಟೂಲ್‌ಗಳಿವೆ. ಬೆಳಕಿನ ಏರಿಳಿತ ನೋಡಲು, ರೋಹಿತ ಹೊಂದಿಸಲು ಎಲ್ಲರೂ ಅದಕ್ಕೇ ಹೋಗುತ್ತಾರೆ.

ಕೇರುವುದು ಎಂದೆ. ಅದು ಸುಮ್ನೆ ಉಪಮೆಯಲ್ಲ. ಬಾಹ್ಯಾಕಾಶದ ಒಂದು ವೇಗದ ಕಣ ಉಪಗ್ರಹದ ಮೈಗೆ ಬಡಿದರೆ ಅಲ್ಲಿಂದ ಹತ್ತಾರು ಮರಿಕಣಗಳು ಸಿಡಿಯುತ್ತವೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಹಲವಾರು ಪಿಕ್ಸೆಲ್‌ಗಳು ಒಟ್ಟಿಗೆ “ಬಂತು, ಬಂತು” ಎನ್ನುತ್ತವೆ. ಇವು ನಕ್ಷತ್ರದಿಂದ ಬಂದ ಎಕ್ಸ್‌ರೇ ಅಲ್ಲ. ಈ ಗುಂಪುಗಳನ್ನು ಗುರುತಿಸಿ ಎಸೆಯಲು ಒಂದು ಟೂಲ್, ಯಾವಾಗಲೂ ಗಲಾಟೆ ಮಾಡುವ ಕೆಟ್ಟ ಪಿಕ್ಸೆಲ್‌ಗಳನ್ನು ಹೊರಗಿಡಲು ಇನ್ನೊಂದು, ಭೂಮಿ ಅಡ್ಡ ಬಂದ ಹೊತ್ತನ್ನು ಕತ್ತರಿಸಲು ಮತ್ತೊಂದು. ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್. ನಿಜ ಹೇಳಬೇಕೆಂದರೆ, ಕೇರಿಟ್ಟ ಫೈಲ್‌ಗಳೂ ಆರ್ಕೈವ್‌ನಲ್ಲಿ ಸಿಗುತ್ತವೆ. ಬಹಳ ಜನರಿಗೆ ಅಷ್ಟೇ ಸಾಕು. ನಮ್ಮ ಹುಡುಗಿಗೆ ಕೇರುವ ಕೆಲಸವೇ ಪ್ರಾಜೆಕ್ಟ್. ಹಾಗಾಗಿ ಮರದ ಬುಡದಿಂದಲೇ ಹತ್ತಬೇಕಾಯಿತು.

ಲ್ಯಾಬಿನಲ್ಲಿ ಉಬುಂಟು 22.04 ಇದ್ದ ಒಂದು ಹಳೇ ಕಂಪ್ಯೂಟರ್ ಇತ್ತು. ಎಲ್ಲ ಬ್ಯಾಚಿನವರಿಗೂ ಒಂದೇ ಲಾಗಿನ್. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಮೊದಲ ಗಂಟು: ಅನಕೊಂಡ

ಹೀಸಾಫ್ಟ್‌ನ ಸೋರ್ಸ್ (ಮೂಲ ಕೋಡ್) ಇಳಿಸಿ ನಾವೇ ಕಂಪೈಲ್ ಮಾಡಲು, ಅಂದರೆ ಓಡುವ ಪ್ರೋಗ್ರಾಂ ಆಗಿಸಲು ಕೂತೆವು. ಕ್ರಮ ಸುಲಭದ್ದೇ. ಬಿಲ್ಡ್ ಫೋಲ್ಡರ್‌ಗೆ ಹೋಗಿ ಮೊದಲು ಕಾನ್ಫಿಗರ್ (ಬೇಕಾದ ಸಾಮಾನು ಹುಡುಕಿಕೊಳ್ಳುವುದು), ಆಮೇಲೆ ಮೇಕ್ (ಕಟ್ಟುವುದು), ಆಮೇಲೆ ಮೇಕ್ ಇನ್‌ಸ್ಟಾಲ್. ಒಂದೊಂದರ ಮಾತನ್ನೂ ಒಂದೊಂದು ಲಾಗ್ ಫೈಲ್‌ಗೆ ತಿರುಗಿಸಬೇಕು. ಕಾನ್ಫಿಗರ್ ನಿಮಿಷಗಳಲ್ಲಿ ಮುಗಿಯಿತು. ಮೇಕ್ ಓಡುತ್ತಲೇ ಇತ್ತು. ಹುಡುಗಿ ಊಟ ಮುಗಿಸಿ ಬಂದಳು, ನಾನು ಒಂದು ಕ್ಲಾಸ್ ಮುಗಿಸಿ ಬಂದೆ. ಅಷ್ಟರಲ್ಲಿ ನಿಂತಿತ್ತು.

ಲಾಗ್‌ನ ಕೊನೆಯಲ್ಲಿ ‘ಎರರ್ 2’ ಎಂದಷ್ಟೇ ಇತ್ತು. ಹುಡುಗಿ ಆ ಸಾಲನ್ನೇ ಹಿಡಿದು ಒಂದು ಸಂಜೆ ಹುಡುಕಿದಳಂತೆ. ಆ ಸಾಲಿನಲ್ಲಿ ಏನೂ ಇಲ್ಲ. ಒಳಗಿನ ಫೋಲ್ಡರ್‌ನಲ್ಲಿ ಏನೋ ಕೆಟ್ಟಿತು, ಅದನ್ನು ಕರೆದವನು ಮೇಲಿನವನಿಗೆ ಹೇಳಿದ, ಅವನು ಅವನ ಮೇಲಿನವನಿಗೆ ಹೇಳಿದ. ನಾವು ಓದುತ್ತಿರುವುದು ಕೊನೆಯವನ ಮಾತು. ಅಸಲು ವಿಷಯ ಬೇಕಾದರೆ ಲಾಗ್‌ನ ಮೇಲಿನಿಂದ ಹುಡುಕುತ್ತಾ ಬರಬೇಕು, ಮೊದಲು ಸಿಕ್ಕ ಎರರ್ ಮಾತ್ರ ಓದಬೇಕು. ಪದ ಹುಡುಕುವ ಗ್ರೆಪ್ ಕಮಾಂಡ್ ಹಾಕಿ ನೋಡಿದೆವು. ಸಾವಿರಾರು ಸಾಲು ಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಹೆಸರು ಇದೆ, ವಸ್ತು ಸಿಗುತ್ತಿಲ್ಲ) ಎಂಬ ದೂರು ಸಿಕ್ಕಿತು. ಅದರ ಪಕ್ಕದಲ್ಲೇ ಒಂದು ಪಾತ್, ಅಂದರೆ ಫೈಲ್ ಇರುವ ಜಾಗದ ವಿಳಾಸ. ಆ ಪಾತ್‌ನ ನಡುವೆ ‘ಅನಕೊಂಡ’ ಎಂಬ ಹೆಸರು.

ಅನಕೊಂಡ ಎಂದರೆ ಪೈಥಾನ್ ಕಲಿಸಲು ಯಾವುದೋ ಬ್ಯಾಚಿಗೆ ಹಾಕಿಸಿದ ಕಟ್ಟು. ಒಳ್ಳೆಯದೇ. ಆದರೆ ಅದು ತನ್ನ ಪೈಥಾನ್ ಒಂದನ್ನೇ ತರುವುದಿಲ್ಲ, ಹತ್ತಾರು ಲೈಬ್ರರಿಗಳನ್ನೂ (ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡ್) ತಂದು, ಕಂಪ್ಯೂಟರ್ ಹುಡುಕುವ ಜಾಗಗಳ ಪಟ್ಟಿಯಾದ ಪಾತ್‌ನ ಮುಂದಿನ ಸಾಲಿನಲ್ಲಿ ಕೂರಿಸುತ್ತದೆ. ಹೀಸಾಫ್ಟ್ ಕಾನ್ಫಿಗರ್ ಆಗುವಾಗ ಅರ್ಧ ಸಾಮಾನು ಉಬುಂಟುವಿನಿಂದ ತಗೊಂಡಿತು, ಅರ್ಧ ಅನಕೊಂಡದಿಂದ. ಎರಡು ಅಂಗಡಿಯ ನಟ್ಟು, ಬೋಲ್ಟು. ಲಿಂಕ್ ಮಾಡುವ, ಅಂದರೆ ಎಲ್ಲವನ್ನೂ ಜೋಡಿಸುವ ಹೊತ್ತಿಗೆ ಕೂರಲಿಲ್ಲ. ಇದು ಹೊಸ ಸಂಗತಿಯೇನಲ್ಲ. ಅನಕೊಂಡವನ್ನು ಪಾತ್‌ನಿಂದ ತೆಗೆದು ಶುರು ಮಾಡಿ ಎಂದು ಹೀಸಾಫ್ಟ್‌ನವರೇ ಸೂಚನೆಯಲ್ಲಿ ಬರೆದಿದ್ದಾರೆ. ನಾವು ಓದಿರಲಿಲ್ಲ. ಓದಿದ್ದೆವು ಅಂತಲೇ ಅಂದುಕೊಂಡಿದ್ದೆವು.

ಹೊಸ ಟರ್ಮಿನಲ್ ತೆರೆದೆವು. ಅನಕೊಂಡದ ಸಾಲುಗಳನ್ನು ಪಾತ್‌ನಿಂದ ತೆಗೆದೆವು. ಸಿ, ಸಿ ಪ್ಲಸ್ ಪ್ಲಸ್, ಫೋರ್ಟ್ರಾನ್ ಕಂಪೈಲರ್‌ಗಳು, ಪರ್ಲ್, ಪೈಥಾನ್, ಐದನ್ನೂ ಉಬುಂಟುವಿನದ್ದೇ ಬಳಸು ಎಂದು ಪೂರ್ತಿ ಪಾತ್ ಕೊಟ್ಟು ಹೇಳಿದೆವು. ಹಳೆಯ ಫೋಲ್ಡರ್‌ನಲ್ಲೇ ಮುಂದುವರಿಸದೆ ಅಳಿಸಿ, ಕಟ್ಟನ್ನು ಮತ್ತೆ ಬಿಚ್ಚಿದೆವು. ಕಾನ್ಫಿಗರ್ ಒಮ್ಮೆ ಆರಿಸಿಕೊಂಡದ್ದನ್ನು ಬರೆದಿಟ್ಟುಕೊಳ್ಳುತ್ತದೆ, ಹಳೆಯ ನೆನಪು ಉಳಿದರೆ ಹೊಸ ಪಾತ್ ಕೊಟ್ಟರೂ ಪ್ರಯೋಜನವಿಲ್ಲ.

ಈ ಸಲ ನಡುವೆ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಮಲಗಿತು. ಕರೆಂಟ್ ಬಂದ ಮೇಲೆ ಮೇಕ್ ಎಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಅದೊಂದು ಸುಖ. ಆದರೆ ಆರಿದ ಕ್ಷಣದಲ್ಲಿ ಬರೆಯುತ್ತಿದ್ದ ಫೈಲ್ ಖಾಲಿಯಾಗಿ ಉಳಿದಿತ್ತು. ಫೈಲ್ ಇದೆಯಲ್ಲ ಎಂದುಕೊಂಡು ಮೇಕ್ ಅದನ್ನು ದಾಟಿ ಹೋಗಿ ಮುಂದೆ ಮುಗ್ಗರಿಸಿತು. ಸೊನ್ನೆ ಬೈಟಿನ ಫೈಲ್‌ಗಳನ್ನು ಹುಡುಕಿ ಅಳಿಸಿದ ಮೇಲೆ ಸರಿಹೋಯಿತು. ಕೊನೆಗೆ ಹೊಸ ಫೋಲ್ಡರ್ ಒಂದು ಹುಟ್ಟಿತು. ಅದರ ಉದ್ದನೆಯ ಹೆಸರಿನ ಬಾಲದಲ್ಲಿ ‘ಲಿಬ್‌ಸಿ 2.35’ ಎಂದಿತ್ತು. ಉಬುಂಟು 22.04ರ ಸಿ ಲೈಬ್ರರಿಯ ನಂಬರ್ ಅದು. ಆ ಬಾಲ ನೋಡಿ ನನಗೆ ಸಮಾಧಾನವಾಯಿತು.

ಎರಡನೆಯದು ನನ್ನದೇ ಜಾಣತನ

ಸಿಝಡ್‌ಟಿಐ ಪೈಪ್‌ಲೈನ್ ಹಾಕುವಾಗ ಒಂದು ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಪಟ್ಟಿ) ಸಿಗುತ್ತಿಲ್ಲ ಎಂಬ ದೂರು ಬಂತು. ಖಗೋಳದವರ ಫಿಟ್ಸ್ ಫೈಲ್‌ಗಳನ್ನು ಓದಿ ಬರೆಯಲು ಸಿಫಿಟ್ಸ್‌ಐಒ ಎಂಬ ಲೈಬ್ರರಿ ಇದೆ. ಇದು ಅದರ ಹೆಡರ್. ಪೈಪ್‌ಲೈನ್‌ನ ಜೊತೆಗೆ ಬಂದ ಲೈಬ್ರರಿಗಳನ್ನು ಮೊದಲು ಪೂರ್ತಿ ಕಟ್ಟಿಕೊಂಡಿದ್ದರೆ ಈ ದೂರು ಬರುತ್ತಲೇ ಇರಲಿಲ್ಲ. ನಾನು ಅಷ್ಟು ತಾಳ್ಮೆ ತೋರಿಸಲಿಲ್ಲ. “ಅದೇ ಹೆಡರ್ ಹೀಸಾಫ್ಟ್‌ನಲ್ಲೂ ಇದೆಯಲ್ಲಮ್ಮಾ, ಪಾತ್ ಅಲ್ಲಿಗೆ ತಿರುಗಿಸಿಬಿಡೋಣ” ಎಂದು, ಮೇಕ್‌ಗೆ ಸೂಚನೆ ಕೊಡುವ ಮೇಕ್‌ಫೈಲ್ ತೆರೆದು ಒಂದು ಸಾಲು ತಿದ್ದಿದೆ. ಆಮೇಲೆ ಲೈಬ್ರರಿಗಳನ್ನು ಕಟ್ಟಿದೆವು. ಕಂಪೈಲ್ ಸಲೀಸಾಗಿ ಮುಗಿಯಿತು. ಹುಡುಗಿಯ ಮುಂದೆ ಸ್ವಲ್ಪ ಹೆಮ್ಮೆಯೂ ಪಟ್ಟೆ.

ಓಡಿಸಿದ ಕೂಡಲೇ ಪರದೆಯ ಮೇಲೆ ಒಂದು ದೊಡ್ಡ ಎಚ್ಚರಿಕೆ. ಲೈಬ್ರರಿ ಕಟ್ಟಿದಾಗಿನ ಹೆಡರ್‌ನ ನಂಬರ್ ಇಂತಿಷ್ಟು, ಪ್ರೋಗ್ರಾಂ ಕಂಪೈಲ್ ಆದಾಗ ಕಂಡ ಹೆಡರ್‌ನ ನಂಬರ್ ಇಂತಿಷ್ಟು, ಎರಡೂ ತಾಳೆ ಆಗುತ್ತಿಲ್ಲ, ಮತ್ತೆ ಕಂಪೈಲ್ ಮಾಡಿ ಮತ್ತೆ ಲಿಂಕ್ ಮಾಡಿ ಎಂದು ಅದು ಹೇಳುತ್ತಿತ್ತು. ಮಾಡಿದೆವು. ಅದೇ ಎಚ್ಚರಿಕೆ. ಇನ್ನೊಮ್ಮೆ ಮಾಡಿದೆವು. ಅದೇ.

ಮಾರನೇ ದಿನ ಹುಡುಗಿಯೇ ಕೇಳಿದಳು: “ಸರ್, ಹೆಡರ್ ಪಾತ್ ತಿದ್ದಿದ್ರಿ. ಲೈಬ್ರರಿ ಪಾತ್ ತಿದ್ದಿದ್ರಾ?”

ತಿದ್ದಿರಲಿಲ್ಲ. ಹೆಡರ್ ಹೀಸಾಫ್ಟ್‌ನದು, ಲೈಬ್ರರಿ ಪೈಪ್‌ಲೈನ್‌ನದು. ಹೆಸರು ಒಂದೇ, ಮನೆ ಬೇರೆ, ವಯಸ್ಸೂ ಬೇರೆ. ನನ್ನ ತಿದ್ದುಪಡಿ ಮೇಕ್‌ಫೈಲ್‌ನಲ್ಲೇ ಕೂತಿದ್ದ ಮೇಲೆ ಎಷ್ಟು ಸಲ ಕಂಪೈಲ್ ಮಾಡಿದರೇನು? ಸಾಲನ್ನು ಮೊದಲಿನಂತೆ ಮಾಡಿ ಪೈಪ್‌ಲೈನ್ ಮತ್ತೆ ಕಟ್ಟಿದೆವು. ಎಚ್ಚರಿಕೆ ಹೋಯಿತು. ಓಡುವಾಗ ಯಾವ ಲೈಬ್ರರಿ ಹಿಡಿಯುತ್ತಿದೆ ಎಂದು ಎಲ್‌ಡಿಡಿ ಕಮಾಂಡ್‌ನಿಂದ ಕಣ್ಣಾರೆ ನೋಡಿಕೊಂಡೆವು. ಈ ಕಮಾಂಡ್ ಮೊದಲೇ ಕೊಟ್ಟಿದ್ದರೆ ಒಂದೂವರೆ ದಿನ ಉಳಿಯುತ್ತಿತ್ತು.

ಇದಕ್ಕೆ ಅಂಟಿಕೊಂಡದ್ದೇ ಇನ್ನೊಂದು. ಎರಡೂ ಸಾಫ್ಟ್‌ವೇರ್ ಟರ್ಮಿನಲ್ ತೆರೆದ ಕೂಡಲೇ ಸಿದ್ಧವಿರಲಿ ಎಂದು ಎರಡನ್ನೂ ಸಿದ್ಧ ಮಾಡುವ ಸಾಲುಗಳನ್ನು ಬ್ಯಾಶ್‌ಆರ್‌ಸಿ ಫೈಲ್‌ಗೆ ಹಾಕಿದ್ದೆವು. ಎರಡೂ ಪಿಫೈಲ್ಸ್ ಎಂಬ ಒಂದೇ ವೇರಿಯಬಲ್ ಬಳಸುತ್ತವೆ. ಟೂಲ್‌ಗಳ ಪ್ಯಾರಾಮೀಟರ್ ಫೈಲ್ ಎಲ್ಲಿದೆ ಎಂದು ಹೇಳುವುದು ಅದು. ಆಮೇಲೆ ಬಂದವನು ಅದರಲ್ಲಿ ಬರೆದ ಪಾತ್ ಮೊದಲಿನವನದನ್ನು ಅಳಿಸುತ್ತದೆ. ಹೀಸಾಫ್ಟ್‌ನ ಟೂಲ್ ಕರೆದರೆ ‘ಪ್ಯಾರಾಮೀಟರ್ ಫೈಲ್ ಸಿಗುತ್ತಿಲ್ಲ’ ಎನ್ನುತ್ತಿತ್ತು. ಇದನ್ನು ಬೇಗ ಬಿಡಿಸಿದೆವು. ಎರಡನ್ನೂ ಬ್ಯಾಶ್‌ಆರ್‌ಸಿಯಿಂದ ತೆಗೆದು ಎರಡು ಅಡ್ಡಹೆಸರು (ಆ ಸಾಲುಗಳನ್ನು ಓಡಿಸುವ ಚಿಕ್ಕ ಕಮಾಂಡ್) ಮಾಡಿದೆವು. ಒಂದು ಟರ್ಮಿನಲ್‌ನಲ್ಲಿ ಒಂದನ್ನು ಮಾತ್ರ ಕರೆಯುವುದು. ಕೇರುವ ಕೆಲಸ ಒಂದು ಕಿಟಕಿಯಲ್ಲಿ, ಗ್ರಾಫಿನ ಕೆಲಸ ಇನ್ನೊಂದರಲ್ಲಿ.

ಮಟ್ಟಸ ಗೆರೆ

ಈಗ ಆ ಗ್ರಾಫಿಗೆ ಬರೋಣ.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಚುಕುತ್ತೇವೆ. ಎಕ್ಸ್‌ರೇ ಖಗೋಳದವರಿಗೆ ಆ ಅಗುಳು ಏಡಿ ನೀಹಾರಿಕೆ, ಅವರ ಬಾಯಲ್ಲಿ ಕ್ರ್ಯಾಬ್. 1054ರಲ್ಲಿ ಚೀನಾದವರು ಹಗಲಲ್ಲೂ ಕಂಡು ಬರೆದಿಟ್ಟ ‘ಅತಿಥಿ ನಕ್ಷತ್ರ’ದ ಅವಶೇಷ ಅದು. ಅದರ ನಡುವೆ ಒಂದು ಪಲ್ಸಾರ್, ಅಂದರೆ ಸತ್ತ ನಕ್ಷತ್ರದ ಮಿಡಿಯುವ ತಿರುಳು, ಸೆಕೆಂಡಿಗೆ ಸುಮಾರು 30 ಸಲ ಗಿರಗಿರ ಸುತ್ತುತ್ತಿದೆ. ಒಂದು ಸುತ್ತಿಗೆ ಸುಮಾರು 33 ಮಿಲಿಸೆಕೆಂಡ್. ಒಂದೊಂದು ಸುತ್ತಿನಲ್ಲೂ ಎರಡು ಸಲ ಮಿನುಗುತ್ತದೆ. ಹೊಸದಾಗಿ ಹಾಕಿದ ಸಾಫ್ಟ್‌ವೇರ್‌ಗೆ ಕ್ರ್ಯಾಬ್‌ನ ದತ್ತಾಂಶ ಕೊಟ್ಟು, ಫೋಟಾನ್‌ಗಳನ್ನು (ಬೆಳಕಿನ ಕಣಗಳನ್ನು) ಈ 33 ಮಿಲಿಸೆಕೆಂಡಿನ ಅಳತೆಗೆ ಮಡಚಿ ಒಂದರ ಮೇಲೊಂದು ಪೇರಿಸಿದರೆ ಎರಡು ಗುಡ್ಡ ಏಳಬೇಕು. ಎದ್ದರೆ ಇನ್‌ಸ್ಟಾಲ್ ಆಗಿದೆ. ಏಳದಿದ್ದರೆ, ಮೇಕ್ ಏನೇ ಹೇಳಲಿ, ಆಗಿಲ್ಲ.

ಏಳಲಿಲ್ಲ.

ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಮೊದಲಿಂದ ಮಾಡಮ್ಮಾ, ನಾನು ಸುಮ್ನೆ ನೋಡ್ತೀನಿ” ಅಂದೆ. ಅವಳ ಕೈ ವೇಗ. ಟೂಲ್ ಒಂದೊಂದೇ ಪ್ರಶ್ನೆ ಕೇಳುತ್ತದೆ. ಪ್ರಶ್ನೆಯ ಪಕ್ಕದಲ್ಲಿ ಕಂಸದೊಳಗೆ ಹಿಂದಿನ ಸಲ ಕೊಟ್ಟ ಉತ್ತರವನ್ನು ತೋರಿಸುತ್ತದೆ. ಎಂಟರ್ ಒತ್ತಿದರೆ ಅದೇ ಉತ್ತರ. ಫೈಲ್ ಹೆಸರು ಟೈಪ್ ಮಾಡಿದಳು. ಎಂಟರ್. ಎಂಟರ್. ಎಂಟರ್.

“ನಿಲ್ಲು. ಈಗ ಏನು ಕೇಳ್ತು ಅದು?”

ಕೇಳಿದ್ದು ಟೈಮ್ ಬಿನ್. ಅಂದರೆ ಎಷ್ಟು ಹೊತ್ತಿನ ಫೋಟಾನ್‌ಗಳನ್ನು ಒಂದು ಡಬ್ಬಿಗೆ ಹಾಕಿ ಎಣಿಸಬೇಕು ಎಂದು. ಕಂಸದೊಳಗೆ ಇದ್ದದ್ದು 1. ಒಂದು ಸೆಕೆಂಡ್.

ಅದು ನಾನು ಬಿಟ್ಟುಹೋದ ಉತ್ತರ. ವಾರದ ಹಿಂದೆ ಅದೇ ಲಾಗಿನ್‌ನಲ್ಲಿ ಕೂತು, ಭೂಮಿ ಅಡ್ಡ ಬಂದಾಗ ಎಣಿಕೆ ಇಳಿಯುತ್ತದಾ ಎಂದು ನೋಡಲು 1 ಸೆಕೆಂಡ್ ಕೊಟ್ಟಿದ್ದೆ. ಅದಕ್ಕೆ ಅದು ಸರಿಯಾದ ಅಳತೆಯೇ. ಆದರೆ ಸೆಕೆಂಡಿಗೆ 30 ಸಲ ಮಿಡಿಯುವುದನ್ನು ಒಂದೊಂದು ಸೆಕೆಂಡಿನ ಡಬ್ಬಿಗೆ ಹಾಕಿದರೆ ಮಿಡಿತ ಎಲ್ಲಿ ಉಳಿಯುತ್ತದೆ? ಮೂವತ್ತೂ ಒಂದೇ ಡಬ್ಬಿಯಲ್ಲಿ ಕಲಸಿಹೋಗುತ್ತವೆ. ಸಾಫ್ಟ್‌ವೇರ್ ಹೇಳಿದ ಹಾಗೆ ಕೇಳಿತ್ತು. ಎರರ್ ಯಾಕೆ ಕೊಡಬೇಕು?

ಬಿನ್ ಅನ್ನು 1 ಮಿಲಿಸೆಕೆಂಡಿಗೆ ಇಳಿಸಿದೆವು. ಸಿಝಡ್‌ಟಿಐ ಫೋಟಾನ್ ಬಂದ ಹೊತ್ತನ್ನು 20 ಮೈಕ್ರೋಸೆಕೆಂಡ್‌ನಷ್ಟು ಸಣ್ಣದಾಗಿ ಗುರುತಿಸುತ್ತದೆ, ಹಾಗಾಗಿ ಇದೇನು ಜಾಸ್ತಿ ಆಸೆಯಲ್ಲ. ಮತ್ತೆ ಮಡಚಿದೆವು. ಈಗ ಗೆರೆ ಸ್ವಲ್ಪ ಅಲುಗಿತು. ಗುಡ್ಡ ಎನ್ನಲು ಬರುವುದಿಲ್ಲ, ನೀರಲ್ಲಿ ನೆನೆದ ಕಾಗದದ ಅಕ್ಷರದ ಹಾಗೆ ಏನೋ ಹರಡಿಕೊಂಡಿತ್ತು.

ಇದಕ್ಕೆ ಉತ್ತರ ಕಂಪ್ಯೂಟರ್‌ನಲ್ಲಿ ಇರಲಿಲ್ಲ, ಬೋರ್ಡಿನ ಮೇಲೆ ಇತ್ತು. ಚಾಕ್‌ಪೀಸ್ ಹಿಡಿದು ಲೆಕ್ಕ ಹಾಕಿದೆವು. ಭೂಮಿಯ ತ್ರಿಜ್ಯ 6,378 ಕಿಲೋಮೀಟರ್, ಮೇಲೆ 650. ಉಪಗ್ರಹದ ಕಕ್ಷೆಯ ಅಗಲ ಸುಮಾರು 14,000 ಕಿಲೋಮೀಟರ್. ಆ ದೂರ ದಾಟಲು ಬೆಳಕಿಗೆ ಸುಮಾರು 47 ಮಿಲಿಸೆಕೆಂಡ್ ಬೇಕು. ಅಂದರೆ ಉಪಗ್ರಹ ಕಕ್ಷೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮಿಡಿತ ಬಂದು ಮುಟ್ಟುವ ಹೊತ್ತು ಒಂದು ಇಡೀ ಸುತ್ತಿಗಿಂತ ಜಾಸ್ತಿ ಹಿಂದೆ ಮುಂದೆ ಆಗಬಹುದು. ಪೇರಿಸಿದ ಗುಡ್ಡಗಳು ಒಂದರ ಮೇಲೊಂದು ಕೂರದೆ ಪಕ್ಕಕ್ಕೆ ಸರಿಯುತ್ತವೆ. ಇದರ ಮೇಲೆ ಭೂಮಿಯೇ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುತ್ತಿದೆ. ಹುಡುಗಿ ಬೋರ್ಡ್ ನೋಡಿ, “ಇದು ಬಿಎಸ್ಸಿ ಲೆಕ್ಕ ಅಲ್ವಾ ಸರ್” ಅಂದಳು. ಹೌದು. ಅದಕ್ಕೇ ಯಾರಿಗೂ ಹೊಳೆದಿರಲಿಲ್ಲ.

ದಾರಿ ಗೊತ್ತಿರುವುದೇ. ಒಂದೊಂದು ಫೋಟಾನ್ ಬಂದ ಹೊತ್ತನ್ನೂ, ಅದು ಸೌರಮಂಡಲದ ತೂಕದ ನಡುಬಿಂದುವಿಗೆ ಬಂದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟಕ್ಕೆ ತಿದ್ದಬೇಕು. ಇದಕ್ಕೆ ಬ್ಯಾರಿಸೆಂಟರ್ ತಿದ್ದುಪಡಿ ಎನ್ನುತ್ತಾರೆ. ಆಸ್ಟ್ರೋಸ್ಯಾಟ್‌ಗೆಂದೇ ಒಂದು ಟೂಲ್ ಇದೆ. ಅದಕ್ಕೆ ಉಪಗ್ರಹದ ಕಕ್ಷೆಯ ಫೈಲ್ ಬೇಕು, ಗ್ರಹಗಳ ಸ್ಥಾನದ ಪಟ್ಟಿ ಬೇಕು, ಲೀಪ್ ಸೆಕೆಂಡ್ (ಗಡಿಯಾರಕ್ಕೆ ಆಗಾಗ ಸೇರಿಸುವ ಒಂದು ಸೆಕೆಂಡ್) ಪಟ್ಟಿ ಬೇಕು. ಹುಡುಗಿ ಟೂಲ್ ಓಡಿಸಿಯೂ ಇದ್ದಳು, ಆದರೆ ಬಿನ್ ಮಾಡಿದ ಮೇಲೆ. ತಿದ್ದಿದ ಫೈಲ್ ಒಂದು ಕಡೆ, ನಾವು ಮಡಚುತ್ತಿದ್ದ ಹಳೆಯ ಫೈಲ್ ಇನ್ನೊಂದು ಕಡೆ. ಮೊದಲು ತಿದ್ದಿ ಆಮೇಲೆ ಬಿನ್ ಮಾಡಬೇಕಿತ್ತು.

ಲೀಪ್ ಸೆಕೆಂಡ್ ಪಟ್ಟಿಯ ಬಗ್ಗೆ ಒಂದು ಮಾತು. ಆಸ್ಟ್ರೋಸ್ಯಾಟ್ ಹಾರಿದ ಮೇಲೆ, 2016ರ ಡಿಸೆಂಬರ್ 31ರ ಕೊನೆಗೆ ಒಂದು ಲೀಪ್ ಸೆಕೆಂಡ್ ಸೇರಿದೆ. ಪಟ್ಟಿ ಅದಕ್ಕಿಂತ ಹಳೆಯದಿದ್ದರೆ ಆಮೇಲಿನ ವೀಕ್ಷಣೆಗಳ ಹೊತ್ತೆಲ್ಲ ಒಂದು ಸೆಕೆಂಡ್ ತಪ್ಪುತ್ತದೆ. ಕಿತಾಪತಿ ಏನೆಂದರೆ, ಆಗಲೂ ಎರಡು ಗುಡ್ಡ ಚೆನ್ನಾಗಿಯೇ ಕಾಣುತ್ತವೆ, ಅವು ನಿಂತ ಜಾಗ ಮಾತ್ರ ಬೇರೆ. ಕ್ರ್ಯಾಬ್‌ನ ಅಗುಳು ಹಿಚುಕಿದರೂ ಈ ತಪ್ಪು ಬೆರಳಿಗೆ ಸಿಗುವುದಿಲ್ಲ. ನಮ್ಮ ಪಟ್ಟಿ ತೆರೆದು ಕೊನೆಯ ಸಾಲು ನೋಡಿದೆವು. 2017ರ ಜನವರಿ 1 ಎಂದಿತ್ತು. ಸರಿ ಇದೆ.

ಸುತ್ತಿನ ಸರಿಯಾದ ಅವಧಿಯೂ ಬೇಕಲ್ಲ. ಈ ಪಲ್ಸಾರ್ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡಿನಷ್ಟು ನಿಧಾನವಾಗುತ್ತಿದೆ. ಕೇಳಲು ಏನೂ ಅಲ್ಲ, ಆದರೆ ಯಾವುದೋ ವರ್ಷದ ಅವಧಿ ಹಾಕಿ ಮಡಚಿದರೆ ಮತ್ತೆ ಮಟ್ಟಸ ಗೆರೆ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದವರು ತಿಂಗಳು ತಿಂಗಳಿಗೂ ಇದರ ಪಟ್ಟಿ ಕೊಡುತ್ತಾರೆ. ನಮ್ಮ ವೀಕ್ಷಣೆಯ ತಿಂಗಳ ಸಾಲು ತೆಗೆದು, ಅಲ್ಲಿಂದ ನಮ್ಮ ದಿನಕ್ಕೆ ಲೆಕ್ಕ ಹಾಕಿ ಕೊಟ್ಟೆವು.

ಸಂಜೆ ಐದು ದಾಟಿತ್ತು. ಅಟೆಂಡರ್ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹುಡುಗಿ ಮಡಚುವ ಟೂಲ್ ಇಫೋಲ್ಡ್ ಓಡಿಸಿದಳು. ಈ ಸಲ ಒಂದೊಂದು ಪ್ರಶ್ನೆಯನ್ನೂ ಬಾಯಲ್ಲಿ ಓದಿ, ಉತ್ತರವನ್ನು ಟೈಪ್ ಮಾಡಿಯೇ ಎಂಟರ್ ಒತ್ತಿದಳು. ಗ್ರಾಫ್ ಬಂತು. ಒಂದು ಚೂಪು ಗುಡ್ಡ, ಸುತ್ತಿನ ಸುಮಾರು ನಾಲ್ಕು ಹತ್ತನೇ ಭಾಗ ದಾಟಿದ ಮೇಲೆ ಇನ್ನೊಂದು ದಪ್ಪ ಗುಡ್ಡ, ನಡುವೆ ಸೇತುವೆಯ ಹಾಗೆ ಸ್ವಲ್ಪ ಎತ್ತರದ ಜಾಗ. ಹೆಚ್ಚು ಶಕ್ತಿಯ ಎಕ್ಸ್‌ರೇಯಲ್ಲಿ ಎರಡನೆಯ ಗುಡ್ಡ ಮೊದಲನೆಯದಕ್ಕೆ ಹೋಲಿಸಿದರೆ ಬಲಿಯುತ್ತಾ ಹೋಗಬೇಕು. ಶಕ್ತಿಯ ಮಿತಿಗಳನ್ನು ಬದಲಿಸಿ ಎರಡು ಸಲ ಮಾಡಿ ನೋಡಿದೆವು. ಬಲಿಯಿತು.

“ಏನ್ ಸರ್ ಅದು, ಇಸಿಜಿನಾ?” ಅಂದರು ಅಟೆಂಡರ್.

ಅದಾದ ಮೇಲೆ ಮಾಡಿದ್ದು ಮೂರೇ ಕೆಲಸ. ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿದೆ. ಪ್ರಶ್ನೆಗೆ ಎಂಟರ್ ಒತ್ತುವ ಬದಲು ಎಲ್ಲ ಉತ್ತರಗಳನ್ನೂ ಒಂದೇ ಸಾಲಿನ ಕಮಾಂಡ್‌ನಲ್ಲಿ ಬರೆದು, ಆ ಸಾಲನ್ನು ಒಂದು ಫೈಲ್‌ನಲ್ಲಿ ಇಡಬೇಕು ಎಂದು ಗೊತ್ತು ಮಾಡಿದೆವು. ಎರಡು ವೀಕ್ಷಣೆಗಳನ್ನು ಎರಡು ಟರ್ಮಿನಲ್‌ನಲ್ಲಿ ಒಟ್ಟಿಗೆ ಓಡಿಸುವುದಾದರೆ ಎರಡಕ್ಕೂ ಬೇರೆ ಪಿಫೈಲ್ಸ್ ಫೋಲ್ಡರ್ ಕೊಡಬೇಕು, ಇಲ್ಲವಾದರೆ ಒಂದರ ಉತ್ತರ ಇನ್ನೊಂದಕ್ಕೆ ಹೋಗಿ ಕೂರುತ್ತದೆ. ಇನ್ನು ಅನಕೊಂಡ ಅಲ್ಲೇ ಇದೆ, ಪೈಥಾನ್ ಕ್ಲಾಸಿಗೆ ಬೇಕಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ಮಾತ್ರ ಪಾತ್‌ಗೆ ಬರುತ್ತದೆ.

ಹುಡುಗಿಯ ಪ್ರಾಜೆಕ್ಟ್‌ನಲ್ಲಿ ಕ್ರ್ಯಾಬ್‌ಗೆ ಸಿಕ್ಕಿದ್ದು ಒಂದೇ ಪುಟ. ಅವಳು ಹೊರಟಿದ್ದು ಮರಿಕಣಗಳ ಗುಂಪನ್ನು ಕೇರುವ ಮಿತಿಗಳನ್ನು ಸಡಿಲಿಸಿದರೆ, ಬಿಗಿ ಮಾಡಿದರೆ ಎಷ್ಟು ಫೋಟಾನ್ ಉಳಿಯುತ್ತವೆ ಎಂದು ನೋಡಲು. ಆ ಎರಡು ಗುಡ್ಡದ ಗ್ರಾಫನ್ನು ಪ್ರಿಂಟ್ ತೆಗೆದು ಸಿಪಿಯು ಮೇಲೆ ಅಂಟಿಸಿ ಹೋಗಿದ್ದಾಳೆ. ಕೆಳಗೆ ಪೆನ್ನಿನಲ್ಲಿ ಆ ಒಂದೇ ಸಾಲಿನ ಕಮಾಂಡ್ ಬರೆದಿದ್ದಾಳೆ. ಟೈಮ್ ಬಿನ್ ಇರುವ ಜಾಗಕ್ಕೆ ಕೆಂಪು ಇಂಕಿನ ಸುತ್ತು.